ಎಐ ಏಜೆಂಟ್‌ಗೆ ಅಂತ ಡಾಕ್ಯುಮೆಂಟೇಶನ್ ಬರ್ದಿದ್ದು: ಒಂದು ಸ್ಟಾಕ್ ಅನಾಲಿಸಿಸ್ ಟೂಲ್‌ನ ಅನುಭವ

ಷೇರಿನ ಸಿಂಬಲ್ ಕೊಟ್ರೆ ಆರ್‌ಎಸ್‌ಐ, ಮ್ಯಾಕ್‌ಡಿ, ಬೊಲಿಂಜರ್ ಬ್ಯಾಂಡ್, ಮೂವಿಂಗ್ ಆವರೇಜ್ ಥರದ, ಬೆಲೆಯ ಏರಿಳಿತ ಅಳೆಯೋ ಇಂಡಿಕೇಟರ್‌ಗಳನ್ನೆಲ್ಲಾ ಲೆಕ್ಕ ಹಾಕಿ ಜೇಸನ್‌ನಲ್ಲಿ (ಪ್ರೋಗ್ರಾಂಗಳು ಸುಲಭವಾಗಿ ಓದೋ ಒಂದು ನಮೂನೆ) ಕೊಡೋ ಒಂದು ಸಣ್ಣ ಟೂಲ್ ನನ್ನ ಹತ್ರ ಇತ್ತು. ಅದನ್ನ ಎಂಸಿಪಿ (ಎಐಗೆ ಹೊರಗಿನ ಟೂಲ್ ಜೋಡಿಸೋ ಒಂದು ಸ್ಟ್ಯಾಂಡರ್ಡ್) ಸರ್ವರ್ ಮಾಡಿ ಏಜೆಂಟ್‌ಗಳಿಗೆ, ಅಂದ್ರೆ ಟೂಲ್ ಬಳಸಿ ತಾವಾಗೇ ಕೆಲ್ಸ ಮಾಡೋ ಎಐಗಳಿಗೆ, ಸಿಗೋ ಹಾಗೆ ಮಾಡೋಣ ಅಂತ ಹೊರಟಾಗ ಕೋಡ್ ಬೇಗ ಮುಗೀತು, ಟೈಮ್ ತಿಂದಿದ್ದೆಲ್ಲಾ ಡಾಕ್ಯುಮೆಂಟೇಶನ್ನೇ.

ಮನುಷ್ಯರಿಗೆ ಬರೆದ ರೀಡ್‌ಮಿ (ಟೂಲ್ ಹೇಗೆ ಬಳಸೋದು ಅಂತ ಹೇಳೋ ಫೈಲ್) ಆಗ್ಲೇ ಇತ್ತು, ಆದ್ರೆ ಅದು ಸಾಕಾಗ್ಲಿಲ್ಲ. ಮನುಷ್ಯರಿಗೆ ಡೌಟ್ ಬಂದ್ರೆ ಕೋಡ್ ತೆಗೆದು ನೋಡ್ತಾರೆ, ಇಲ್ಲಾ ಬರೆದವರನ್ನೇ ಕೇಳ್ತಾರೆ, ಏಜೆಂಟ್ ಕೇಳೋದು ಕಮ್ಮಿ, ನಾವು ಬರೀದೇ ಬಿಟ್ಟಿದ್ದನ್ನ ತಾನೇ ಊಹೆ ಮಾಡ್ಕೊಂಡು ಮುಂದೆ ಹೋಗುತ್ತೆ, ಅದೂ ಎಳ್ಳಷ್ಟೂ ಅನುಮಾನ ಇಲ್ದೇ. ಹಾಗಾಗಿ ನಾನು ಬರ್ದಿದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಈ ನಂಬರ್ ಏನು ಹೇಳಲ್ಲ, ಈ ಟೂಲ್‌ನ ಯಾವಾಗ ಕರೀಬಾರ್ದು ಅನ್ನೋದೇ.

ಆರ್‌ಎಸ್‌ಐ ಒಂದನ್ನೇ ತಗೊಳ್ಳಿ. ಬೆಲೆ ಏರಿದ್ದು ಜಾಸ್ತಿಯಾ ಇಳಿದಿದ್ದು ಜಾಸ್ತಿಯಾ ಅಂತ 0ಯಿಂದ 100ರ ಒಳಗೆ ಹೇಳೋ ನಂಬರ್, ವೆಲ್ಸ್ ವೈಲ್ಡರ್ 1978ರಲ್ಲಿ ಕೊಟ್ಟ ಲೆಕ್ಕ ಅದು, ಡೀಫಾಲ್ಟ್ ಪೀರಿಯಡ್ 14. ರೀಡ್‌ಮಿಯಲ್ಲಿ ಇದ್ದಿದ್ದು "ಪೀರಿಯಡ್: 14" ಅಂತ ಅಷ್ಟೇ. ಒಂದು ಗಂಟೆಯ ಕ್ಯಾಂಡಲ್ (ಅಷ್ಟು ಹೊತ್ತಿನ ಬೆಲೆಯ ಏರಿಳಿತ ಹೇಳೋ ಒಂದು ದಾಖಲೆ) ಕೇಳಿದಾಗ್ಲೂ ಏಜೆಂಟ್ ಅದನ್ನ "ಕಳೆದ 14 ದಿನದ ಆರ್‌ಎಸ್‌ಐ" ಅಂತ ಯೂಸರ್‌ಗೆ ವಿವರಿಸೋದು. ಈಗ ಅಲ್ಲಿ ಹೀಗಿದೆ: ಇದು ಕ್ಯಾಂಡಲ್‌ಗಳ ಸಂಖ್ಯೆ, ದಿನ ಅಲ್ಲ, ಇಂಟರ್ವಲ್ ಒಂದು ಗಂಟೆ ಆದ್ರೆ 14 ಅಂದ್ರೆ 14 ಗಂಟೆಯ ಟ್ರೇಡಿಂಗ್. ಅಷ್ಟು ಸೇರಿಸಿದ್ಮೇಲೆ ಆ ತಪ್ಪು ವಿವರಣೆ ನಿಂತೇಹೋಯ್ತು.

ಇದಕ್ಕಿಂತ ಕಷ್ಟ ಆಗಿದ್ದು ವಾರ್ಮ್‌ಅಪ್ ವಿಷಯ, ಅಂದ್ರೆ ನಂಬರ್ ಸರಿಯಾಗಿ ಬರೋಕೆ ಮುಂಚೆ ಎಷ್ಟು ಹಳೇ ಡೇಟಾ ಬೇಕು ಅನ್ನೋದು. 14ರ ಆರ್‌ಎಸ್‌ಐಗೆ ಮೊದಲ ನಂಬರ್ ಬರೋಕೆ 15 ಕ್ಲೋಸ್ (ಕ್ಯಾಂಡಲ್‌ನ ಕೊನೇ ಬೆಲೆ) ಸಾಕು, ಯಾಕಂದ್ರೆ ಬೇಕಿರೋದು 14 ಬದಲಾವಣೆ. ಆದ್ರೆ ವೈಲ್ಡರ್ ಸ್ಮೂದಿಂಗ್‌ನಲ್ಲಿ (ಸರಾಸರಿ ತೆಗೆಯೋ ಅವ್ರ ರೀತಿ) ಹಳೇದು ಪೂರ್ತಿ ಹೋಗಲ್ಲ, ಪ್ರತಿ ಹೊಸ ಕ್ಯಾಂಡಲ್‌ಗೆ ಹಳೇ ಸರಾಸರಿಯ 13/14 ಭಾಗ ಉಳ್ಕೊಳ್ಳುತ್ತೆ. ಲೆಕ್ಕ ಹಾಕಿ ನೋಡಿ, ಇನ್ನೂ 14 ಕ್ಯಾಂಡಲ್ ಆದ್ಮೇಲೂ ಶುರುವಿನ ಸರಾಸರಿಯ ತೂಕ ಸುಮಾರು 35% ಇರುತ್ತೆ, 100 ಕ್ಯಾಂಡಲ್ ದಾಟಿದ್ರೆ 0.1%ಗಿಂತ ಕಮ್ಮಿ. ಅಂದ್ರೆ 20 ಕ್ಯಾಂಡಲ್ ಡೇಟಾ ಕೊಟ್ಟು ತೆಗೆದ ಆರ್‌ಎಸ್‌ಐ, 250 ಕ್ಯಾಂಡಲ್ ಕೊಟ್ಟು ತೆಗೆದ ಆರ್‌ಎಸ್‌ಐ, ಎರಡೂ ಒಂದೇ ದಿನದ್ದಾದ್ರೂ ಬೇರೆ ಬರಬಹುದು. ಏಜೆಂಟ್‌ಗೆ ಇದು ಗೊತ್ತಿಲ್ದಿದ್ರೆ ಟೋಕನ್ (ಎಐ ಓದೋ ಪಠ್ಯದ ಅಳತೆ) ಉಳಿಸೋಕೆ ಕಮ್ಮಿ ಡೇಟಾ ಕೇಳುತ್ತೆ, ಬಂದ ನಂಬರ್‌ನ ಇನ್ನೊಂದು ಚಾರ್ಟ್ ಜೊತೆ ಹೋಲಿಸಿ "ಮಾರ್ಕೆಟ್ ಬದಲಾಗಿದೆ" ಅನ್ನುತ್ತೆ. ಅದಕ್ಕೇ ಒಂದೊಂದು ಇಂಡಿಕೇಟರ್‌ಗೂ ಎರಡು ನಂಬರ್ ಬರ್ದೆ, ಮೊದಲ ನಂಬರ್ ಬರೋಕೆ ಎಷ್ಟು ಕ್ಯಾಂಡಲ್, ನಂಬೋ ಮಟ್ಟಕ್ಕೆ ಬರೋಕೆ ಎಷ್ಟು. ಮ್ಯಾಕ್‌ಡಿ ಅಂದ್ರೆ 12 ಮತ್ತೆ 26 ಕ್ಯಾಂಡಲ್‌ನ ಸರಾಸರಿಗಳ ವ್ಯತ್ಯಾಸ, ಆ ವ್ಯತ್ಯಾಸದ್ದೇ 9 ಕ್ಯಾಂಡಲ್ ಸರಾಸರಿ ಅದರ ಸಿಗ್ನಲ್ ಲೈನ್, ಅದು ಹುಟ್ಟೋದೇ 34ನೇ ಕ್ಯಾಂಡಲ್‌ಗೆ. ಅದಕ್ಕಿಂತ ಮುಂಚೆ ನಲ್ (ಖಾಲಿ) ಬರುತ್ತೆ, ನಲ್ ಅಂದ್ರೆ ಸೊನ್ನೆ ಅಲ್ಲ ಅಂತ್ಲೂ ಬರೀಲೇಬೇಕಾಯ್ತು.

ಬೊಲಿಂಜರ್ ಬ್ಯಾಂಡ್‌ದು (ಸರಾಸರಿ ಬೆಲೆಯ ಮೇಲೆ ಕೆಳಗೆ ಎಳೆಯೋ ಗೆರೆಗಳು) ಚಿಕ್ಕ ವಿಷಯ, ಆದ್ರೂ ಕಾಡುತ್ತೆ. 20 ಕ್ಯಾಂಡಲ್, 2 ಸ್ಟ್ಯಾಂಡರ್ಡ್ ಡೀವಿಯೇಶನ್ ಅಂತ ಎಲ್ರೂ ಬರೀತಾರೆ, ಆ ಡೀವಿಯೇಶನ್ ತೆಗೆಯೋವಾಗ 20ರಿಂದ ಭಾಗಿಸೋದಾ 19ರಿಂದ ಭಾಗಿಸೋದಾ ಅನ್ನೋದನ್ನ ಬರೆಯಲ್ಲ. ಪೈಥಾನ್‌ನ ಲೈಬ್ರರಿಗಳಲ್ಲೇ ನೋಡಿ, ಪಾಂಡಾಸ್‌ನಲ್ಲಿ ಸುಮ್ನೆ ಬಿಟ್ರೆ 19, ನಂಪೈನಲ್ಲಿ 20. ನಾನು 20 ಇಟ್ಕೊಂಡು ಅದನ್ನ ಒಂದು ಸಾಲಲ್ಲಿ ಹೇಳಿ ಬಿಟ್ಟೆ.

ಸ್ಪ್ಲಿಟ್ ವಿಷಯಕ್ಕೆ ಮಾತ್ರ ಒಂದು ಪೂರ್ತಿ ಪ್ಯಾರಾ. ಒಂದು ಷೇರು ಎರಡಾದ್ರೆ ಬೆಲೆ ರಾತ್ರೋರಾತ್ರಿ ಅರ್ಧ ಆಗುತ್ತೆ, ಹಳೇ ಬೆಲೆಗಳನ್ನೂ ಅದಕ್ಕೆ ತಕ್ಕ ಹಾಗೆ ಅಡ್ಜಸ್ಟ್ ಮಾಡಿರದಿದ್ರೆ ಆರ್‌ಎಸ್‌ಐ ಪಾತಾಳಕ್ಕೆ ಬೀಳುತ್ತೆ, ಏಜೆಂಟ್ ಖುಷಿಯಾಗಿ "ಓವರ್‌ಸೋಲ್ಡ್" (ಅತಿಯಾಗಿ ಮಾರಿದ್ದಾರೆ) ಅಂತ ವರದಿ ಬರೆಯುತ್ತೆ. ಹಾಗಾಗಿ ಔಟ್‌ಪುಟ್‌ನಲ್ಲೇ "ಅಡ್ಜಸ್ಟೆಡ್: ಹೌದು/ಇಲ್ಲ" ಅಂತ ಫೀಲ್ಡ್ ಇಟ್ಟೆ, ಇಲ್ಲ ಅಂತ ಬಂದು ಒಂದೇ ದಿನ 40% ಮೇಲೆ ಬೆಲೆ ಬಿದ್ದಿದ್ರೆ ಮೊದಲು ಸ್ಪ್ಲಿಟ್ ಆಗಿದ್ಯಾ ಚೆಕ್ ಮಾಡು ಅಂತ ಡಾಕ್‌ನಲ್ಲಿ ಹೇಳ್ದೆ. ಮಾರ್ಕೆಟ್ ನಡೀತಿರೋವಾಗ ಬರೋ ಕೊನೇ ಕ್ಯಾಂಡಲ್‌ದೂ ಇದೇ ಥರ, ಅದು ಇನ್ನೂ ಮುಗಿದಿರಲ್ಲ, ಹತ್ತು ನಿಮಿಷ ಬಿಟ್ಟು ಕೇಳಿದ್ರೆ ಬೇರೆ ನಂಬರ್. ಅದಕ್ಕೂ ಒಂದು ಫೀಲ್ಡ್.

"ಸಿಗ್ನಲ್: ಬೈ" ಅಂತ ಹಳೇ ಔಟ್‌ಪುಟ್‌ನಲ್ಲಿ ಒಂದು ಫೀಲ್ಡ್ ಇತ್ತು, ಏಜೆಂಟ್ ಬೇರೆ ಏನನ್ನೂ ನೋಡ್ದೇ ಅದನ್ನೇ ಯೂಸರ್‌ಗೆ ದಾಟಿಸಿಬಿಡೋದು, ತೆಗೆದುಹಾಕ್ದೆ. ಬದಲಿಗೆ ಆರ್‌ಎಸ್‌ಐ 70ರ ಮೇಲೆ ಅಂದ್ರೆ ಮಾರು ಅಂತಲ್ಲ, ಬೆಲೆ ಜೋರಾಗಿ ಏರೋ ಟ್ರೆಂಡ್‌ನಲ್ಲಿ ಅದು ವಾರಗಟ್ಟಲೆ ಅಲ್ಲೇ ಇರಬಹುದು ಅಂತ ಬರ್ದೆ. ನನ್ನ ಪ್ರಕಾರ ಲೆಕ್ಕ ಹಾಕೋ ಟೂಲ್ ಸಲಹೆ ಕೊಡ್ಬಾರ್ದು, ಯಾರು ಏನೇ ಅಂದ್ಲಿ.

ಎರರ್ ಮೆಸೇಜ್‌ಗಳೂ ಡಾಕ್ಯುಮೆಂಟೇಶನ್ನೇ ಅಂತ ಈ ಕೆಲ್ಸದಲ್ಲಿ ಚೆನ್ನಾಗಿ ಅರ್ಥ ಆಯ್ತು. "ಇನ್‌ವ್ಯಾಲಿಡ್ ಇನ್‌ಪುಟ್" ಅಂದ್ರೆ ಏಜೆಂಟ್ ಅದೇ ಕಾಲ್‌ನ ಮತ್ತೆ ಮತ್ತೆ ಮಾಡ್ತಾ ಕೂರುತ್ತೆ. "200 ಮೂವಿಂಗ್ ಆವರೇಜ್‌ಗೆ ಕನಿಷ್ಠ 200 ಕ್ಯಾಂಡಲ್ ಬೇಕು, ಇರೋದು 120, ಶುರುವಿನ ತಾರೀಕು ಹಿಂದಕ್ಕೆ ಹಾಕು ಅಥವಾ 50 ಕೇಳು" ಅಂದ್ರೆ ಮುಂದಿನ ಕಾಲ್‌ನಲ್ಲೇ ಸರಿ ಮಾಡ್ಕೊಳ್ಳುತ್ತೆ.

ಇಷ್ಟೆಲ್ಲಾ ಟೂಲ್ ಡಿಸ್ಕ್ರಿಪ್ಶನ್‌ನಲ್ಲೇ ತುರುಕೋಕೆ ಆಗಲ್ಲ, ಅದು ಸಾಮಾನ್ಯವಾಗಿ ಟೂಲ್ ಕರೆದ್ರೂ ಕರೀದಿದ್ರೂ ಕಾಂಟೆಕ್ಸ್ಟ್‌ನಲ್ಲಿ (ಎಐ ಒಂದ್ಸಲಕ್ಕೆ ನೋಡೋ ಪಠ್ಯ) ಕೂತಿರುತ್ತೆ. ಅಲ್ಲಿ ಏನ್ ಮಾಡುತ್ತೆ, ಏನ್ ಮಾಡಲ್ಲ ಅಂತ ಮೂರ್ನಾಲ್ಕು ಸಾಲು, ಉಳಿದಿದ್ದು ಬೇಕಾದಾಗ ಓದೋ ಹಾಗೆ ಬೇರೆ ಫೈಲ್‌ನಲ್ಲಿ. ಇಂಟರ್ವಲ್‌ಗೆ ಸ್ಟ್ರಿಂಗ್ (ಏನು ಬೇಕಾದ್ರೂ ಬರೆಯೋ ಪಠ್ಯ) ಬದಲು ಎನಮ್ (ಇಂತಿಷ್ಟೇ ಆಯ್ಕೆಗಳ ಪಟ್ಟಿ) ಇಟ್ರೆ ವಿವರಣೆಯ ಸಾಲೇ ಬೇಡ, ಇನ್‌ಪುಟ್ ಹೇಗಿರ್ಬೇಕು ಅನ್ನೋ ಸ್ಕೀಮಾನೇ ಹೇಳುತ್ತೆ. ಉದಾಹರಣೆಯಲ್ಲಿ ನಿಜವಾದ ಸಿಂಬಲ್ ಹಾಕ್ಬೇಡಿ, ಯೂಸರ್ ಯಾವ ಷೇರು ಅಂತ ಹೇಳ್ದೇ ಇದ್ದಾಗ ಏಜೆಂಟ್ ಅದನ್ನೇ ಎತ್ಕೊಂಡು ಅನಾಲಿಸಿಸ್ ಮಾಡಿಬಿಡುತ್ತೆ.

ಟೆಸ್ಟ್ ಮಾಡಿದ್ದು ಹೀಗೆ: ಹೊಸ ಸೆಶನ್‌ನಲ್ಲಿ ಏಜೆಂಟ್‌ಗೆ ಡಾಕ್ ಮತ್ತೆ ಟೂಲ್ ಮಾತ್ರ ಕೊಟ್ಟು, ಬೇಕಂತ್ಲೇ ಅರೆಬರೆ ಪ್ರಶ್ನೆ ಕೇಳೋದು, "ಈ ಷೇರು ಹೇಗಿದೆ" ಅನ್ನೋ ಥರದ್ದು. ಉತ್ತರಕ್ಕಿಂತ ಕಾಲ್ ಲಾಗ್ ಮುಖ್ಯ, ಯಾವ ಪ್ಯಾರಾಮೀಟರ್ ಊಹೆ ಮಾಡ್ತೋ ಅಲ್ಲಿ ಡಾಕ್‌ನಲ್ಲಿ ಒಂದು ಸಾಲು ಕಮ್ಮಿ ಇದೆ ಅಂತ. ಒಂದೇ ಪ್ರಶ್ನೆಗೆ ಪ್ರತಿ ಸಲ ಒಂದೇ ಥರ ನಡ್ಕೊಳ್ಳಲ್ಲ, ಹಾಗಾಗಿ ಒಂದ್ಸಲ ಪಾಸ್ ಆಯ್ತು ಅಂತ ಬಿಡೋಹಾಗಿಲ್ಲ. ಡೀಫಾಲ್ಟ್ ನಂಬರ್‌ಗಳನ್ನ ಈಗ ಕೈಯಲ್ಲಿ ಬರೆಯಲ್ಲ, ಕೋಡ್‌ನಿಂದಲೇ ಡಾಕ್‌ಗೆ ಬರೋ ಹಾಗೆ ಸ್ಕ್ರಿಪ್ಟ್ ಇದೆ, ಡಾಕ್‌ನಲ್ಲಿರೋ ಉದಾಹರಣೆಗಳೂ ಪ್ರತಿ ಬಿಲ್ಡ್‌ನಲ್ಲಿ ಓಡ್ತವೆ, ಔಟ್‌ಪುಟ್ ಮ್ಯಾಚ್ ಆಗದಿದ್ರೆ ರಿಲೀಸ್ ಆಗಲ್ಲ.