ಎರಡು ಜಾತಿಯ ಕಪ್ಪೆಗಳನ್ನು ಒಂದೇ ತೊಟ್ಟಿಗೆ ಬಿಡುವ ಮುನ್ನ

ಗಾಜಿನ ತೊಟ್ಟಿಯಲ್ಲಿ ಜಾಗ ಇನ್ನೂ ಇದೆ, ಬೇರೆ ಬಣ್ಣದ ಕಪ್ಪೆಯೊಂದನ್ನು ತಂದು ಬಿಟ್ಟರೆ ಎಷ್ಟು ಚೆನ್ನ ಎನ್ನುವ ಆಸೆ ಕಪ್ಪೆ ಸಾಕುವವರಿಗೆಲ್ಲ ಒಮ್ಮೆ ಹುಟ್ಟುತ್ತದೆ. ನನಗೂ ಹುಟ್ಟಿತ್ತು. ಹಸಿರು ಮರಗಪ್ಪೆಯ ಜೊತೆ ಫೈರ್ ಬೆಲ್ಲಿ ಎಂಬ ಕೆಂಪು-ಕಿತ್ತಳೆ ಹೊಟ್ಟೆಯ ಕಪ್ಪೆಗಳನ್ನು ಎರಡು ಬಿಟ್ಟೆ. ಮೂರನೆಯ ಬೆಳಿಗ್ಗೆ ನೋಡಿದರೆ ಮರಗಪ್ಪೆ ನೀರಿನ ತಟ್ಟೆಯಲ್ಲಿ ಬಿದ್ದಿತ್ತು. ಹಸಿರು ಮೈ ಮಣ್ಣಿನ ಬಣ್ಣಕ್ಕೆ ತಿರುಗಿತ್ತು, ಹಿಂಗಾಲು ಚಾಚಿಕೊಂಡೇ ಇದ್ದವು, ಬೆರಳಿಂದ ಮುಟ್ಟಿದರೂ ಮಡಚಲಿಲ್ಲ. ಸಂಜೆಗೆ ಸತ್ತಿತು. ಫೈರ್ ಬೆಲ್ಲಿ ಹೆದರಿದಾಗ ಅದರ ಚರ್ಮದಿಂದ ವಿಷ ಒಸರುತ್ತದೆ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಹೊಟ್ಟೆಯಡಿಯ ಚರ್ಮದಿಂದ ಹೀರಿಕೊಳ್ಳುತ್ತದೆ. ಎರಡಕ್ಕೂ ನಾನಿಟ್ಟಿದ್ದದ್ದು ಒಂದೇ ತಟ್ಟೆ.

ಹಾಗಾಗಿ ನನ್ನ ಸಲಹೆ ಕೇಳಿದರೆ, ಒಂದು ತೊಟ್ಟಿಗೆ ಒಂದೇ ಜಾತಿ ಸಾಕು. ಅದಕ್ಕೂ ಮೀರಿ ಮನಸ್ಸು ಮಾಡಿದ್ದರೆ ಆತುರಪಡದೆ ಹೀಗೆ ಮಾಡಿ.

1. ಜೋಡಿ ಆರಿಸುವುದು

ಬಾಯೊಳಗೆ ತೂರುವುದೆಲ್ಲ ಕಪ್ಪೆಗೆ ಆಹಾರವೇ. 10 ಸೆಂ.ಮೀ.ವರೆಗೆ ಬೆಳೆಯುವ ವೈಟ್ಸ್ ಮರಗಪ್ಪೆ ತನಗಿಂತ ಸಣ್ಣದನ್ನು ಸಲೀಸಾಗಿ ನುಂಗುತ್ತದೆ. ಪ್ಯಾಕ್‌ಮನ್ ಎಂಬ ಅಗಲ ಬಾಯಿಯ ಕಪ್ಪೆಯನ್ನಂತೂ ಯಾವುದರ ಜೊತೆಗೂ ಇಡಬೇಡಿ, ಅದು ಸ್ವಂತ ಜಾತಿಯದನ್ನೂ ಬಿಡುವುದಿಲ್ಲ.

ಆಮೇಲೆ ಹವೆ ನೋಡಿ. ಒಂದಕ್ಕೆ ತಂಪು, ಇನ್ನೊಂದಕ್ಕೆ ಸೆಕೆ ಬೇಕಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ ಎಂದಂತಾಗುತ್ತದೆ. ನಡುವಿನ ಉಷ್ಣತೆ ಇಟ್ಟರೆ ಎರಡೂ ಸೊರಗುತ್ತವೆ.

ಕೆಂಗಣ್ಣಿನ ಮರಗಪ್ಪೆ ಮತ್ತು ಹಸಿರು-ಕಪ್ಪು ಡಾರ್ಟ್ ಕಪ್ಪೆಯ (ಕಾಡಿನಲ್ಲಿ ವಿಷಕ್ಕೆ ಹೆಸರಾದ ಪುಟ್ಟ ಕಪ್ಪೆ) ಜೋಡಿ ಸ್ವಲ್ಪ ಹೊಂದುತ್ತದೆ. ಎರಡೂ ಮಧ್ಯ ಅಮೆರಿಕದ ಮಳೆಕಾಡಿನವು. 22ರಿಂದ 26 ಡಿಗ್ರಿ ಸೆಲ್ಸಿಯಸ್ ಇಬ್ಬರಿಗೂ ಸರಿ. ಮೊದಲನೆಯದು ರಾತ್ರಿ ಎಚ್ಚರ, ಹಗಲೆಲ್ಲ ಎಲೆಯಡಿ ಅಂಟಿಕೊಂಡು ನಿದ್ದೆ. ಎರಡನೆಯದು ಹಗಲಲ್ಲಿ ತರಗೆಲೆಯ ಮೇಲೆ ಓಡಾಡುತ್ತದೆ. ಡಾರ್ಟ್ ಕಪ್ಪೆಗೆ ವಿಷ ಬರುವುದು ಕಾಡಿನಲ್ಲಿ ತಿನ್ನುವ ಇರುವೆ, ನುಸಿಗಳಿಂದ, ಆದ್ದರಿಂದ ತೊಟ್ಟಿಯಲ್ಲೇ ಹುಟ್ಟಿ ಬೆಳೆದದ್ದಕ್ಕೆ ಆ ವಿಷ ಇರುವುದಿಲ್ಲ. ಆದರೆ ಎರಡು ಬಗೆಯ ಡಾರ್ಟ್ ಕಪ್ಪೆಗಳನ್ನು ಬೆರೆಸಬೇಡಿ, ಕೆಲವು ಪರಸ್ಪರ ಕೂಡಿ ಮಿಶ್ರತಳಿ ಹುಟ್ಟಿಸುತ್ತವೆ.

2. ಬೇರೆ ಬೇರೆಯಾಗಿ ಇಡುವುದು

ಎಲ್ಲರೂ ಹಾರಿಸಿಬಿಡುವ ಹೆಜ್ಜೆ ಇದು, ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. 1999ರಲ್ಲಿ ವಿಜ್ಞಾನಿಗಳು ಹೆಸರಿಟ್ಟ ಕೈಟ್ರಿಡ್ ಶಿಲೀಂಧ್ರ ಕಪ್ಪೆಯ ಚರ್ಮಕ್ಕೆ ಹತ್ತುತ್ತದೆ. ಚರ್ಮ ಕೆಟ್ಟರೆ ರಕ್ತದ ಲವಣಗಳ ಸಮತೋಲ ತಪ್ಪಿ ಹೃದಯ ನಿಲ್ಲುತ್ತದೆ. ಅಮೆರಿಕದ ಬುಲ್‌ಫ್ರಾಗ್‌ನಂಥ ಕೆಲವು ಜಾತಿಗಳು ಈ ರೋಗವನ್ನು ಹೊತ್ತೂ ಆರಾಮಾಗಿಯೇ ಇರುತ್ತವೆ. ಒಂದು ಜಾತಿಗೆ ಏನೂ ಮಾಡದ ರೋಗಾಣು ಪಕ್ಕದ ಜಾತಿಯನ್ನು ಕೊಲ್ಲಬಹುದು.

ಹಾಗಾಗಿ ಹೊಸ ಕಪ್ಪೆಯನ್ನು ಕನಿಷ್ಠ 60 ದಿನ, ಸಾಧ್ಯವಾದರೆ 90 ದಿನ ಬೇರೆ ಪೆಟ್ಟಿಗೆಯಲ್ಲಿಡಿ. ನೆಲಕ್ಕೆ ಒದ್ದೆ ಟಿಶ್ಯೂ ಹಾಸಿದರೆ ಹಿಕ್ಕೆ ಕಣ್ಣಿಗೆ ಬೀಳುತ್ತದೆ. ಹಿಕ್ಕೆಯಲ್ಲಿ ಹುಳುಗಳಿವೆಯೇ ಎಂದು ಪಶುವೈದ್ಯರಿಂದ ನೋಡಿಸಿ, ಚರ್ಮವನ್ನು ಹತ್ತಿಕಡ್ಡಿಯಿಂದ ಒರೆಸಿ ಸ್ವ್ಯಾಬ್ ತೆಗೆಸಿ, ಆ ಶಿಲೀಂಧ್ರ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆಯನ್ನೂ ಮಾಡಿಸಿ. ಇಕ್ಕಳ, ತಟ್ಟೆ, ಸ್ಪ್ರೇ ಬಾಟಲಿ ಎಲ್ಲವೂ ಬೇರೆಯೇ ಇರಲಿ. ಮೊದಲು ಹಳೆಯ ತೊಟ್ಟಿಯ ಕೆಲಸ ಮುಗಿಸಿ, ಆಮೇಲೆ ಹೊಸದರ ಹತ್ತಿರ ಹೋಗಿ.

3. ತೊಟ್ಟಿ

ಉದ್ದ 90 ಸೆಂ.ಮೀ.ಗೆ ಕಡಿಮೆ ಬೇಡ, ಎತ್ತರ 60 ಸೆಂ.ಮೀ. ಇದ್ದರೆ ಒಳ್ಳೆಯದು. ಅಡಿಯಲ್ಲಿ ನೀರು ಇಳಿಯಲು ಜಲ್ಲಿಪದರ, ಜಾಲರಿ, ಮಣ್ಣು, ಮೇಲೆ ದಪ್ಪಗೆ ತರಗೆಲೆ. ಅಡಗುತಾಣಗಳು ಕಪ್ಪೆಗಳ ಲೆಕ್ಕಕ್ಕಿಂತ ಹೆಚ್ಚೇ ಇರಲಿ. ಕ್ಲೋರಿನ್ ತೆಗೆದ ನೀರಿನ ತಟ್ಟೆ ಎರಡು ಇಟ್ಟು ದಿನವೂ ತೊಳೆಯಿರಿ.

4. ಬಿಡುವ ದಿನ

ಗಿಡ, ಕೊಂಬೆಗಳ ಜಾಗ ಬದಲಿಸಿ ಎರಡೂ ಜಾತಿಗಳನ್ನು ಒಟ್ಟಿಗೇ ಬಿಡಿ, ಆಗ ಯಾವುದಕ್ಕೂ ಅದು ಹಳೆಯ ಜಾಗ ಅನ್ನಿಸುವುದಿಲ್ಲ. ಡಾರ್ಟ್ ಕಪ್ಪೆಗೆ ರೆಕ್ಕೆಯಿಲ್ಲದ ಹಣ್ಣುನೊಣಗಳನ್ನು ಬೆಳಿಗ್ಗೆ, ಮರಗಪ್ಪೆಗೆ ದೊಡ್ಡ ಹುಳುಗಳನ್ನು ದೀಪ ಆರಿದ ಮೇಲೆ ಕೊಡಿ. ಉಳಿದ ಹುಳುಗಳನ್ನು ಹೆಕ್ಕಿ ತೆಗೆಯಿರಿ, ಇಲ್ಲದಿದ್ದರೆ ರಾತ್ರಿ ಅವು ಕಪ್ಪೆಯ ಮೈ ಕಚ್ಚುತ್ತವೆ.

ಮೊದಲ ತಿಂಗಳು ವಾರಕ್ಕೊಮ್ಮೆ ತೂಕ ನೋಡಿ. ತೂಕ ಇಳಿದರೆ, ಹಗಲು ಮಲಗುವ ಕಪ್ಪೆ ಹಗಲಲ್ಲೇ ಗಾಜಿಗೆ ಮೂತಿ ಉಜ್ಜುತ್ತಿದ್ದರೆ, ಕಾಲು ಹೊರಚಾಚಿ ಕೂತರೆ, ನಾಳೆ ನೋಡೋಣ ಅನ್ನದೆ ಅಂದೇ ಬೇರೆ ಮಾಡಿ. ಅದಕ್ಕಾಗಿ ಎರಡನೆಯ ತೊಟ್ಟಿಯೊಂದು ಮಣ್ಣು ತೇವವಾಗಿ, ತಟ್ಟೆಯಲ್ಲಿ ನೀರು ತುಂಬಿ, ಮೊದಲ ದಿನದಿಂದಲೇ ಸಿದ್ಧವಾಗಿರಲಿ.