ಬತ್ತಿದ ದನಕ್ಕೆ ಹಿಂಡಿ ಇಳಿಸಿ ನೋಡಿದ್ದು: ನನ್ನ ಅನುಭವ

ಹಾಲು ಬತ್ತಿದ ದನಗಳಿಗೆ ಹಿಂಡಿ ಇಳಿಸ್ತೇನೆ ಅಂದಾಗ ಸೊಸೈಟಿಗೆ ಹಾಲು ತರುವವರೆಲ್ಲ "ಎಂತ ಮಾರಾಯ್ರೆ, ನಾಳೆ ಎಲುಬು ಎಣಿಸ್ಬೇಕಾದೀತು" ಅಂದಿದ್ರು. ಎರಡು ಮಳೆಗಾಲ ಕಳೀತು, ಬದಿಯಡ್ಕದ ನಮ್ಮ ಹಟ್ಟಿಯಲ್ಲಿ ಒಂದೂ ಸೊರಗಿಲ್ಲ, ಅವರಲ್ಲೇ ಕೆಲವರು ಈಗ ಬಂದು ನೋಡಿ ಹೋಗ್ತಾರೆ.

ಮೊದಲು ಮೂರು ದನಕ್ಕೂ ದಿನಕ್ಕೆ ಎರಡೆರಡು ಕಿಲೋ ನೆಲಕಡ್ಲೆ ಹಿಂಡಿ ಹೋಗ್ತಿತ್ತು. ತೂಕದ ಅಂದಾಜಿಗೆ ಟೇಪು ಹಿಡಿದು ಎದೆಸುತ್ತು ಅಳೆದ್ರೆ ತಿಂಗಳಾದ್ರೂ ಅಲ್ಲೇ, ಆದ್ರೆ ಬೆಳಿಗ್ಗೆ ಹಟ್ಟಿಗೆ ಕಾಲಿಟ್ರೆ ಅಮೋನಿಯಾ ಕಣ್ಣಿಗೇ ಹೊಡೀತಿತ್ತು. ಲೆಕ್ಕ ಹಾಕಿ, ಹಿಂಡಿಯಲ್ಲಿ ಸುಮಾರು 40% ಪ್ರೊಟೀನ್, ಅದರ 16% ನೈಟ್ರೋಜನ್, ಅಂದ್ರೆ ಕಿಲೋಗೆ 64 ಗ್ರಾಂ. ಬೆಳೆದು ನಿಂತ ದನಕ್ಕೆ ಕೊಬ್ಬು ಕೂಡಿಡ್ಲಿಕ್ಕೆ ಜಾಗ ಉಂಟು, ಪ್ರೊಟೀನಿಗೆ ಅಂಥ ಗೋದಾಮು ಇಲ್ಲ. ಹೆಚ್ಚಾದದ್ದು ಹೊಟ್ಟೆಯಲ್ಲಿ ಅಮೋನಿಯಾ, ಲಿವರಲ್ಲಿ ಯೂರಿಯಾ, ಆಮೇಲೆ ಮೂತ್ರದಲ್ಲಿ ಚರಂಡಿಗೆ, ಅಲ್ಲಿ ಮತ್ತೆ ಅಮೋನಿಯಾ ಆಗಿ ಘಾಟು. ಆ ಯೂರಿಯಾ ಮಾಡ್ಲಿಕ್ಕೂ ದನದ ಶಕ್ತಿಯೇ ಖರ್ಚು. ಕಿಲೋಗೆ ಐವತ್ತರ ಆಸುಪಾಸು ಕೊಟ್ಟು ತಂದ ಹಿಂಡಿ ಇದು!

ಹಾಗಂತ ಹಿಂಡಿ ಪೂರ್ತಿ ನಿಲ್ಲಿಸಿದ್ರೆ ಆಗುದಿಲ್ಲ, ಅದನ್ನೂ ನೋಡಿದ್ದೇನೆ. ಬರೇ ಬೈಹುಲ್ಲು, ಅಡಿಕೆ ಹಾಳೆ ಕೊಟ್ಟಾಗ ಹೊಟ್ಟೆಯ ಸೂಕ್ಷ್ಮಜೀವಿಗಳಿಗೇ ನೈಟ್ರೋಜನ್ ಸಾಕಾಗದೆ ಮೇವು ಜೀರ್ಣ ಆಗ್ಲಿಲ್ಲ, ಸೆಗಣಿ ಗಟ್ಟಿ, ತಿನ್ನುದೂ ಕಡಿಮೆ ಆಯ್ತು. ತೆಂಗಿನ ಹಿಂಡಿ ಮಳೆಗಾಲದಲ್ಲಿ ಬೂಸ್ಟು ಹಿಡಿದು ಒಂದು ಗೋಣಿ ಹಾಗೇ ಬಿಸಾಡಿದ್ದು. ಕೊನೆಗೆ ದನಕ್ಕೆ ಅರ್ಧ ಕಿಲೋ ನೆಲಕಡ್ಲೆ ಹಿಂಡಿ, ಹಸಿ ಹುಲ್ಲು, ಹಾಳೆ, ಜೊತೆಗೆ ಬೇಯಿಸಿ ಜಜ್ಜಿದ ಹಲಸಿನ ಬೇಳೆ (ಹಣ್ಣಿನ ಬೀಜ). ಬೇಳೆಯ ಪಿಷ್ಟ ಸಿಕ್ಕಿದ್ರೆ ಹೊಟ್ಟೆಯ ಆ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ಹಿಡಿದು ತಮ್ಮ ಮೈ ಮಾಡಿಕೊಳ್ತವೆ, ಅದನ್ನೇ ದನ ಮುಂದೆ ಜೀರ್ಣ ಮಾಡುದು. ಬೇಳೆ ಮಾತ್ರ ಒಂದು ಹಿಡಿಯಿಂದ ಶುರು ಮಾಡಿ, ಒಮ್ಮೆಲೇ ಸುರಿದ್ರೆ ಹೊಟ್ಟೆ ಹುಳಿಯಾಗಿ ಮೆಲುಕು ನಿಲ್ತದೆ. ಬೇಳೆ ಎಷ್ಟು, ಹಿಂಡಿಗಿಂತ ಎಷ್ಟು ಹೊತ್ತು ಮೊದಲು ಅನ್ನುದು ನನ್ನ ಹತ್ರವೇ ಇರ್ಲಿ.

ತಿಂಗಳಿಗೆ ಹಿಂಡಿಯಲ್ಲೇ ಆರು ಸಾವಿರದ ಮೇಲೆ ಉಳೀತು, ಎದೆಸುತ್ತು ಇಳಿಲಿಲ್ಲ, ಹಟ್ಟಿಯ ಘಾಟು ಅರ್ಧಕ್ಕರ್ಧ ಹೋಯ್ತು. ಆ ಘಾಟೇ ನನಗೆ ಮೀಟರು.

ನಡುವೆ ಮತ್ತೊಂದು ನೋಡಿದೆ. ಹಿಂಡಿ ಜಾಸ್ತಿ ಇದ್ದಾಗಿನ ಮೂತ್ರ ನೀರು ಬೆರೆಸದೆ ಬಿಟ್ರೆ ಹುಲ್ಲಿನ ತುದಿ ಸುಟ್ಟು ಹೋಗ್ತಿತ್ತು, ಈಗ ಅದೇ ಸಾಲು ಸೊಕ್ಕಿ ನಿಂತಿದೆ. ಆದ್ರೂ ನೀರು ಬೆರೆಸಿಯೇ ಬಿಡುದು ಒಳ್ಳೇದು.

ಕರುಗಳಿಗೆ, ಕರೆಯುವ ದನಕ್ಕೆ, ಗಬ್ಬದ ಕಡೇ ಎರಡು ತಿಂಗಳಿಗೆ ಈ ಲೆಕ್ಕ ಹಾಕ್ಬೇಡಿ, ಅವಕ್ಕೆ ಪ್ರೊಟೀನ್ ನಿಜವಾಗಿ ಬೇಕು. ಈ ಸಲ ಬೇಳೆಯನ್ನು ಕೆಮ್ಮಣ್ಣು ಹಚ್ಚಿ ಎರಡು ಗೋಣಿ ಇಟ್ಟಿದ್ದೇನೆ, ಮಳೆಗಾಲದ ಆಟಿ ತಿಂಗಳು ಕಳೆಯುವ ತನಕ ಸಾಕು.