ಅಶೋಕದ ತೊಗಟೆ: ಮುರಿದು ನೋಡಿ ಕೊಳ್ಳಿ

ಮಡಿಕೇರಿ ಕಡೆ ನಾಟಿ ಮದ್ದು ಮಾಡುವ ನನಗೆ ಜಾಸ್ತಿ ತಲೆ ತಿನ್ನುವುದು ಅಶೋಕದ ತೊಗಟೆ. ಹೆಂಗಸರ ಮುಟ್ಟಿನ ತೊಂದರೆಗೆ ಕಷಾಯ ಕಾಯಿಸಲು ಅದು ಬೇಕೇ ಬೇಕು. ಆದರೆ ಮಾರಾಟಕ್ಕೆ ಬರುವುದರಲ್ಲಿ ಎಷ್ಟೋ ಸಲ ಕಂಬದ ಅಶೋಕದ ತೊಗಟೆ ಸೇರಿರುತ್ತದೆ. ಅದೇ, ಕಾಫಿ ತೋಟದ ಗೇಟಿನ ಬಳಿ, ಶಾಲೆ ಕಾಂಪೌಂಡಿನಲ್ಲಿ ನೆಟ್ಟಗೆ ನಿಂತಿರುತ್ತದಲ್ವಾ, ಅಂಚು ಅಲೆಅಲೆಯಾದ ಉದ್ದ ಎಲೆಯ ಮರ. ಅದು ಸೀತಾಫಲದ ಕುಟುಂಬದ್ದು, ಮದ್ದಿನ ಅಶೋಕಕ್ಕೂ ಅದಕ್ಕೂ ನಂಟೇ ಇಲ್ಲ.

ಮರ ಎದುರಿಗಿದ್ದರೆ ಗುರುತು ಸುಲಭ. ಮದ್ದಿನ ಅಶೋಕದ ಕಡ್ಡಿಯಲ್ಲಿ ಎಲೆ ಜೋಡಿಜೋಡಿ. ಚಿಗುರು ತಾಮ್ರದ ಬಣ್ಣ, ಜೋತು ಬಿದ್ದಿರುತ್ತದೆ. ಕಿತ್ತಳೆ ಬಣ್ಣದ ಹೂಗೊಂಚಲು ಕಾಂಡದ ಮೇಲೇ ಬಿಡುತ್ತದೆ. ಒಣಗಿದ ತುಂಡು ಕೈಗೆ ಬಂದಾಗಲೇ ಫಜೀತಿ.

ಮೊದಲು ತುಂಡಿನ ಮೈ ಸವರುತ್ತೇನೆ. ಅಸಲಿಯಲ್ಲಿ ದುಂಡನೆಯ ಸಣ್ಣ ಗುಳ್ಳೆಗಳು ಬೆರಳಿಗೆ ಸಿಗುತ್ತವೆ. ಒಳಮೈ ಕೆಂಪು ಬೆರೆತ ಕಂದು. ಆಮೇಲೆ ಮುರಿದು ಬೆಳಕಿಗೆ ಹಿಡಿಯುತ್ತೇನೆ. ಹೊರಸಿಪ್ಪೆಯ ಕೆಳಗೇ ತೆಳ್ಳನೆಯ ಬಿಳಿ ಗೆರೆ ಎಲ್ಲೂ ಕಡಿಯದೆ ಓಡಿರಬೇಕು. ಅದು ಕಾಣದಿದ್ದರೆ ತುಂಡು ಪಕ್ಕಕ್ಕೆ. ಕಂಬದ ಅಶೋಕದ್ದಾದರೆ ನಾರುನಾರಾಗಿ ಪದರ ಬಿಡುತ್ತದೆ, ಹಗ್ಗ ಹೊಸೆಯಬಹುದು ಅನ್ನಿಸುವಷ್ಟು. ಕೊನೆಗೆ ಒಂದು ಚೂರು ಜಗಿದು ಉಗುಳುತ್ತೇನೆ, ಅಸಲಿ ಒಗರು. ಒಗರೊಂದನ್ನೇ ನಂಬಬೇಡಿ, ಅಂಥ ತೊಗಟೆ ಕಾಡಲ್ಲಿ ಬೇಕಾದಷ್ಟಿವೆ. ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ತೊಗಟೆಗೆ ಬೂಷ್ಟು ಹಿಡಿದು ಬಣ್ಣವೇ ತಿಳಿಯುವುದಿಲ್ಲ. ಆಗ ನಾನು ಕೊಳ್ಳುವುದೇ ಇಲ್ಲ.

ನಾಗಕೇಸರದ್ದೂ ಇದೇ ಪಾಡು. ಬೇಕಾದ್ದು ನಾಗಸಂಪಿಗೆ ಹೂವಿನ ಒಳಗಿನ ಕೇಸರ, ಎಳೆಎಳೆಯಾಗಿರುತ್ತದೆ. ಕೊಡುವುದು ಸುರಗಿ ಮೊಗ್ಗು, ಇಲ್ಲವೇ ಕಾಡು ದಾಲ್ಚಿನ್ನಿಯ ಎಳೆಕಾಯಿ. ಆ ಕಾಯನ್ನು ಜಜ್ಜಿ ಮೂಸಿದರೆ ಸಾಕು, ದಾಲ್ಚಿನ್ನಿ ಘಮ ಗುಟ್ಟು ಬಿಟ್ಟುಕೊಡುತ್ತದೆ.

ಪುಡಿಯನ್ನಂತೂ ನಾನು ಮುಟ್ಟುವುದಿಲ್ಲ. ಗುಳ್ಳೆ, ಬಿಳಿ ಗೆರೆ, ನಾರು ಎಲ್ಲವೂ ಅದರಲ್ಲಿ ಮಾಯ. ಮೈಕ್ರೋಸ್ಕೋಪ್ ಇಟ್ಟುಕೊಂಡವರಿಗೆ ಆ ಕೆಲಸ ಬಿಡೋಣ. ಅಗ್ಗಕ್ಕೆ ಸಿಕ್ಕಿತು ಅಂತ ಸುಮ್ನೆ ಚೀಲಗಟ್ಟಲೆ ತರುವವರನ್ನು ಕಂಡರೆ ಸಿಟ್ಟು ಬರುತ್ತದೆ.

ಹಾಗಂತ ಮಾರುವವರೆಲ್ಲ ಕಳ್ಳರಲ್ಲ. ಕಾಡಿನಲ್ಲಿ ಅಶೋಕ ಕಡಿಮೆಯಾಗಿದೆ. ಸುತ್ತಲೂ ತೊಗಟೆ ಎಬ್ಬಿಸಿದರೆ ಮರವೇ ಸಾಯುತ್ತದೆ. ಕೇಳುವವರು ಜಾಸ್ತಿ, ಮರ ಕಮ್ಮಿ, ಆಗ ಸಿಕ್ಕಿದ್ದು ಚೀಲಕ್ಕೆ ಬೀಳುತ್ತದೆ. ಅದಕ್ಕೇ ತರುವವರಿಗೆ ಮೊದಲೇ ಹೇಳಿಬಿಡುತ್ತೇನೆ: "ಅಣ್ಣಾ, ಒಂದೇ ಬದಿಯಿಂದ ತೆಗೀರಿ. ಅದೇ ಮರದ ಒಂದು ಎಲೆಕಡ್ಡಿ ಜೊತೆಗೆ ಕಟ್ಟಿ ತನ್ನಿ." ಕಡ್ಡಿ ಸಮೇತ ತಂದವರಿಗೆ ರೇಟು ಜಾಸ್ತಿ ಕೊಡುತ್ತೇನೆ.